ಅವನಿಗೆ ಏನು ಕೊಟ್ಟೆ?

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನನ್ನ ಬೈಕಲ್ಲಿ ಕೂರಿಸ್ಕೊಂಡು ಜೋಗಿಮಟ್ಟಿಗೆ ಹೋಗಿದ್ದೆ. ನಮ್ಮೂರು ಹೊಳಲ್ಕೆರೆ ಕಡೆ. ಜೋಗಿಮಟ್ಟಿ ಕಾಡು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ತಾಲೂಕಿಗೆ ಹಬ್ಬಿದೆ. ಹಾಗಾಗಿ ನಾವೆಲ್ಲ ಅದನ್ನ ನಮ್ಮದೇ ಗುಡ್ಡ ಅಂದ್ಕೊಂಡು ಬೆಳೆದವರು. ಆದ್ರೆ ಅಪ್ಪ ಮೇಲೆ ಹತ್ತಿ ಇಪ್ಪತ್ತು ವರ್ಷ ಆಗಿತ್ತಂತೆ. ತೋಟ, ಬೋರು, ಕರೆಂಟು ಅಂತ ಓಡಾಡೋ ಮನುಷ್ಯನಿಗೆ ಪಕ್ಕದ ಗುಡ್ಡ ನೋಡೋಕೆ ಪುರುಸೊತ್ತು ಎಲ್ಲಿ?

ಮೇಲೆ ಒಳ್ಳೇ ಗಾಳಿ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗ್ತಾ ಇದ್ವು. ದೂರದಲ್ಲಿ ಹೊಳೆಯುತ್ತಿದ್ದ ಒಂದು ಕೆರೆ ತೋರಿಸಿ ಅಪ್ಪ "ಅದು ಯಾವ ಊರಿನ ಕೆರೆ ಇರಬಹುದು?" ಅಂದ್ರು. ಸಿಗ್ನಲ್ ಇರಲಿಲ್ಲ. ನಾನು ಫೋನ್ ತೆಗೆದು ಮೊದಲೇ ಇಳಿಸಿಕೊಂಡಿದ್ದ ನಕ್ಷೆಯಲ್ಲಿ ಕೆರೆಯ ಹೆಸರು, ಅದರ ಪಕ್ಕದ ಹಟ್ಟಿಯ ಹೆಸರು, ಅಲ್ಲಿಗೆ ಹೋಗೋ ಕಾಲುದಾರಿ ಎಲ್ಲಾ ತೋರಿಸಿದೆ.

"ನೆಟ್‌ವರ್ಕ್ ಇಲ್ದೇ ಹೆಂಗೆ ಬಂತು?"

"ಎಲ್ಲಾ ಫೋನಲ್ಲೇ ಇದೆ ಅಪ್ಪ. ಜನಾನೇ ಕೂತು ಬಿಡಿಸಿರೋ ನಕ್ಷೆ ಇದು. ಅದನ್ನ ತೋರಿಸೋಕೆ ಒಂದು ಆ್ಯಪ್ ಇದೆ."

"ಎಷ್ಟು ಕೊಟ್ಟೆ ಇದಕ್ಕೆ?"

"ಪುಕ್ಕಟೆ."

"ಹಂಗಾದ್ರೆ ಮಾಡಿದೋನಿಗೆ ಏನು ಸಿಗುತ್ತೆ?"

"ಬೇರೆ ಕಡೆ ತಗೊಂಡ್ರೆ ದುಡ್ಡು ಕೊಡಬೇಕು. ನಾನು ತಗೊಂಡಿರೋ ಕಡೆ ಬೇಡ."

ಅಪ್ಪ ಸ್ವಲ್ಪ ಹೊತ್ತು ಗಾಳಿಯಂತ್ರ ನೋಡ್ತಾ ನಿಂತಿದ್ರು. ಆಮೇಲೆ ಕೇಳಿದ್ರು: "ಅಲ್ಲ ಕಣೋ, ನೀನು ಅವನಿಗೆ ಏನು ಕೊಟ್ಟೆ?"

"ಅದು ಓಪನ್ ಸೋರ್ಸ್ ಅಪ್ಪಾ" ಅಂತ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದೆ. ಆಫೀಸಿನಲ್ಲಿ ಒಂದು ಗಂಟೆ ಪ್ರೆಸೆಂಟೇಷನ್ ಕೊಡಬಲ್ಲೆ ಇದರ ಬಗ್ಗೆ. ಅಪ್ಪನ ಪ್ರಶ್ನೆಗೆ ಮಾತ್ರ ಒಂದು ಸಾಲಿನ ಉತ್ತರ ಇರಲಿಲ್ಲ. ಅಥವಾ ಇತ್ತು: ಏನೂ ಕೊಟ್ಟಿಲ್ಲ.

ಯಾಕೆ ಕೊಟ್ಟಿಲ್ಲ ಅನ್ನೋದಕ್ಕೆ ನನ್ನ ಹತ್ತಿರ ಒಂದು ಒಳ್ಳೇ ಕಾರಣ ಇತ್ತು. ಅದು ನಿಜವಾಗಲೂ ಒಳ್ಳೇ ಕಾರಣವಾ ಅಂತ ನೋಡೋದೇ ಈ ಬರಹ.

ನನ್ನ ಫೋನಿನಲ್ಲಿ ಗ್ರಾಫೀನ್ ಓಎಸ್ ಇದೆ. ಆಂಡ್ರಾಯ್ಡ್‌ನದೇ ಮೂಲ ಕೋಡ್ ತಗೊಂಡು, ಭದ್ರತೆ ಬಿಗಿ ಮಾಡಿ, ಗೂಗಲ್‌ನ ಸೇವೆಗಳನ್ನ ತೆಗೆದು ಕೊಡೋ ವ್ಯವಸ್ಥೆ ಅದು. ಗೂಗಲ್‌ನಿಂದ ದೂರ ಇರೋಕೆ ನಾನು ಕೊಂಡಿದ್ದು ಗೂಗಲ್‌ನದೇ ಪಿಕ್ಸೆಲ್ ಫೋನು, ಸೆಕೆಂಡ್ ಹ್ಯಾಂಡ್. ನಗಬೇಡಿ, ನಾನು ಕೊಳ್ಳುವಾಗ ಆ ಓಎಸ್ ಬೇರೆ ಫೋನಿಗೆ ಸಿಗ್ತಾನೇ ಇರಲಿಲ್ಲ. ಆ್ಯಪ್‌ಗಳು ಬೇಕಂದ್ರೆ ಎಫ್-ಡ್ರಾಯ್ಡ್ ಇದೆ. 2010ರಿಂದ ನಡೀತಿರೋ, ಮುಕ್ತ ತಂತ್ರಾಂಶ ಮಾತ್ರ ಇಡೋ ಅಂಗಡಿ. ಖಾತೆ ಬೇಡ, ಇಮೇಲ್ ಬೇಡ, ಕಾರ್ಡ್ ಬೇಡ. ಅಲ್ಲಿ ಒಂದು ವಿಚಿತ್ರ ಇದೆ. ಪ್ಲೇ ಸ್ಟೋರಿನಲ್ಲಿ ಹಣಕ್ಕೆ ಸಿಗೋ ಕೆಲವು ಆ್ಯಪ್‌ಗಳು ಅಲ್ಲಿ ಉಚಿತ. ಕ್ಯಾಲೆಂಡರ್, ಕಾಂಟ್ಯಾಕ್ಟ್ ಸಿಂಕ್ ಮಾಡೋ ಡ್ಯಾವೆಕ್ಸ್5 ಹಾಗೆ. ಚಾಟ್ ಮಾಡೋ ಕಾನ್ವರ್ಸೇಷನ್ಸ್ ಹಾಗೆ. ಅಪ್ಪನಿಗೆ ತೋರಿಸಿದ ಆಸ್ಮ್‌ಆ್ಯಂಡ್ ನಕ್ಷೆಯೂ ಅಷ್ಟೆ. ಪ್ಲೇ ಸ್ಟೋರಿನ ಉಚಿತ ಆವೃತ್ತಿಯಲ್ಲಿ ಎಷ್ಟು ನಕ್ಷೆ ಇಳಿಸಬಹುದು ಅನ್ನೋದಕ್ಕೆ ಮಿತಿ ಇದೆ, ಎಫ್-ಡ್ರಾಯ್ಡ್‌ನಲ್ಲಿ ಇಲ್ಲ.

ಇದರಲ್ಲಿ ಕಳ್ಳತನ ಇಲ್ಲ. ಮಾಡಿದವರೇ ಅನುಮತಿ ಕೊಟ್ಟಿದ್ದಾರೆ, ಲೈಸೆನ್ಸ್ ಹಾಗಿದೆ. ನಾನು ಪ್ಲೇ ಸ್ಟೋರಿನಲ್ಲಿ ಕೊಳ್ಳದೇ ಇರೋದಕ್ಕೆ ಕಾರಣ ದುಡ್ಡಲ್ಲ ಅಂತಲೇ ನಾನು ನಂಬಿದ್ದೆ. ಅಲ್ಲಿ ಕೊಳ್ಳಬೇಕಂದ್ರೆ ಖಾತೆ ಬೇಕು. ಖಾತೆಗೆ ಹೆಸರು, ಬಹಳ ಸಲ ಫೋನ್ ನಂಬರ್, ಆಮೇಲೆ ಕಾರ್ಡು ಇಲ್ಲವೇ ಯುಪಿಐ. ಕೊಂಡ ಆ್ಯಪ್‌ಗಳ ಪಟ್ಟಿ ಆ ಹೆಸರಿನ ಕೆಳಗೆ ಸೇರ್ತಾ ಹೋಗುತ್ತೆ. ಒಬ್ಬ ಮನುಷ್ಯ ಕೊಂಡ ಆ್ಯಪ್‌ಗಳ ಪಟ್ಟಿ ನೋಡಿ ಅವನಿಗೆ ಸಕ್ಕರೆ ಕಾಯಿಲೆ ಇದೆಯಾ, ಮಗು ಆಗ್ತಿಲ್ಲವಾ, ಕೆಲಸ ಹುಡುಕ್ತಿದ್ದಾನಾ, ಯಾವ ದೇವರಿಗೆ ಕೈ ಮುಗೀತಾನೆ ಎಲ್ಲಾ ಹೇಳಬಹುದು. 2013ರಲ್ಲಿ ಆಸ್ಟ್ರೇಲಿಯಾದ ಒಬ್ಬ ಡೆವಲಪರ್ ಒಂದು ವಿಷಯ ಬಯಲಿಗೆ ತಂದಿದ್ದ: ತನ್ನ ಆ್ಯಪ್ ಕೊಂಡ ಪ್ರತಿಯೊಬ್ಬರ ಹೆಸರು, ಇಮೇಲ್, ಊರು ಎಲ್ಲವೂ ತನ್ನ ಖಾತೆಗೇ ಬಂದು ಬೀಳ್ತಿದೆ, ನಾನು ಕೇಳದೇ ಇದ್ರೂ ಬರ್ತಿದೆ ಅಂತ. ಒಂದು ತಮಾಷೆ ಆ್ಯಪ್ ಕೊಂಡವರಿಗೆ ತಮ್ಮ ವಿಳಾಸ ಯಾರದೋ ಮನೆಗೆ ಹೋಗ್ತಿದೆ ಅಂತ ಗೊತ್ತೇ ಇರಲಿಲ್ಲ.

"ನನ್ನದು ಮುಚ್ಚಿಡೋ ವಿಷಯ ಏನೂ ಇಲ್ಲ" ಅನ್ನೋರು ಬಹಳ ಜನ. ನಾನೂ ಅಂತಿದ್ದೆ. ನನಗೆ ಬುದ್ಧಿ ಕಲಿಸಿದ್ದು ಯಾವ ಸೆಮಿನಾರೂ ಅಲ್ಲ, ನನ್ನ ರೂಂಮೇಟ್ ಆಗಿದ್ದ ಗೆಳೆಯ. ನಮ್ಮ ತಾಲೂಕಿನವನೇ, ದಲಿತ ಕಾಲೋನಿಯಿಂದ ಬಂದವನು. ಮಲ್ಲೇಶ್ವರದ ಒಂದು ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುವಾಗ ಹೇಳಿದ್ದ: "ಲೇ ಮಗಾ, ಬೆಂಗಳೂರಲ್ಲಿ ನಂಗೆ ಮೊದಲು ಇಷ್ಟ ಆಗಿದ್ದು ಈ ಟೋಕನ್ ಕಣೋ. ಕ್ಯಾಷ್ ಕೌಂಟರಲ್ಲಿ ದುಡ್ಡು ಕೊಟ್ಟೆ, ಟೋಕನ್ ಕೊಟ್ಟ, ಕಾಫಿ ಬಂತು. ಯಾರ ಮಗ, ಯಾವ ಊರು, ಯಾವ ಕಡೆಯವನು ಅಂತ ಯಾರೂ ಕೇಳ್ಲಿಲ್ಲ. ನಮ್ಮೂರ ಹೋಟ್ಲಲ್ಲಿ ದುಡ್ಡು ಕೊಟ್ರೂ ನಂಗೆ ಬೇರೆ ಲೋಟ ಇತ್ತು."

ಆ ಮಾತು ನನ್ನ ತಲೆಯಿಂದ ಹೋಗೇ ಇಲ್ಲ. ಹಳ್ಳಿಯಲ್ಲಿ ಏನು ಕೊಂಡ್ರೂ ಮೊದಲು ನೀನು ಯಾರು ಅನ್ನೋದು ಗೊತ್ತಿರಬೇಕು. ಕಿರಾಣಿ ಅಂಗಡಿ ಸಾಲದ ಪುಸ್ತಕದಲ್ಲಿ ಯಾರ ಮನೆಗೆ ಯಾವ ಮಾತ್ರೆ ಹೋಯ್ತು, ಯಾರು ಬೀಡಿ ಶುರು ಮಾಡಿದ ಎಲ್ಲಾ ದಾಖಲೆ. ಪೇಟೆಯ ನೋಟಿಗೆ ಒಂದು ದೊಡ್ಡ ಗುಣ ಇತ್ತು, ಅದು ಕೈಯಿಂದ ಕೈಗೆ ಹೋಗುವಾಗ ಹೆಸರು ಕೇಳ್ತಿರಲಿಲ್ಲ. ಈಗ ನೂರು ರೂಪಾಯಿಯ ಆ್ಯಪ್ ಕೊಳ್ಳೋಕೂ ಹೆಸರು ಹೇಳು ಅಂದ್ರೆ, ನಾವು ಮತ್ತೆ ಆ ಕಿರಾಣಿ ಪುಸ್ತಕಕ್ಕೇ ವಾಪಸ್ ಹೋದಂಗೆ. ಈ ಪುಸ್ತಕ ಮಾತ್ರ ಯಾವತ್ತೂ ಹರಿಯಲ್ಲ, ಎಷ್ಟು ಜನ ಓದ್ತಾರೆ ಅಂತಲೂ ಗೊತ್ತಾಗಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸಿಗೆ ಹೆಸರು ಕೊಟ್ಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಕೋರ್ಟಿಗೆ ಹೋದ ಮನುಷ್ಯನ ಮುಂದೆ, ಪ್ಲೇ ಸ್ಟೋರಿಗೆ ಹೆಸರು ಕೊಡಲ್ಲ ಅನ್ನೋ ನನ್ನ ಹಠ ಸಣ್ಣದೇ. ಆದ್ರೆ ಅದು ತಪ್ಪು ಹಠ ಅಂತ ನನಗೆ ಇವತ್ತಿಗೂ ಅನ್ನಿಸಲ್ಲ.

ಇಲ್ಲಿವರೆಗೆ ನನ್ನ ವಾದ ಗಟ್ಟಿಯಾಗೇ ಇದೆ. ತೊಂದರೆ ಇರೋದು ಮುಂದೆ.

ಆವತ್ತು ರಾತ್ರಿ ಮನೇಲಿ ಮಲಗಿ ಲೆಕ್ಕ ಹಾಕಿದೆ. ಈ ಫೋನ್ ಬಂದು ಮೂರು ವರ್ಷ. ದಿನಾ ಬಳಸೋ ಆ್ಯಪ್ ಹನ್ನೊಂದು. ಅವನ್ನ ಮಾಡಿದವರಿಗೆ ನಾನು ಕೊಟ್ಟ ಒಟ್ಟು ಹಣ ಸೊನ್ನೆ. ಅದೇ ಮೂರು ವರ್ಷದಲ್ಲಿ ಇಂದಿರಾನಗರದ ಕೆಫೆಗಳಲ್ಲಿ 280 ರೂಪಾಯಿ ಕೊಟ್ಟು ಎಷ್ಟು ಕಾಫಿ ಕುಡಿದಿದ್ದೀನೋ ಲೆಕ್ಕ ಇಲ್ಲ. ಹೆಸರು ಕೊಡಲ್ಲ ಅನ್ನೋದು ನನ್ನ ತತ್ವ ಆಗಿತ್ತು. ಅದರ ನೆರಳಲ್ಲಿ ದುಡ್ಡೂ ಕೊಡಲ್ಲ ಅನ್ನೋದು ಅಭ್ಯಾಸ ಆಗಿಬಿಟ್ಟಿತ್ತು. ಎರಡೂ ಬೇರೆ ಬೇರೆ ಅಂತ ಗಮನಿಸಲೇ ಇಲ್ಲ. ಯಾಕಂದ್ರೆ ಗಮನಿಸದೇ ಇದ್ರೆ ನನಗೇ ಲಾಭ.

ಇನ್ನೂ ಒಂದು ಹೇಳಬೇಕು, ಇದನ್ನ ಹೇಳೋಕೆ ಸ್ವಲ್ಪ ಕಷ್ಟ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡ್ತಿದ್ದ ಕಂಪನಿಯ ಆ್ಯಪಿಗೆ ಬಳಕೆದಾರರ ಜಾಡು ಹಿಡಿಯೋ ಕೋಡ್ ಸೇರಿಸಿದವನು ನಾನೇ. ಯಾರು ಯಾವ ಬಟನ್ ಒತ್ತಿದ್ರು, ಯಾವ ಪುಟದಲ್ಲಿ ಎಷ್ಟು ಸೆಕೆಂಡ್ ನಿಂತ್ರು, ರಾತ್ರಿ ಎಷ್ಟೊತ್ತಿಗೆ ಫೋನ್ ತೆಗೆದ್ರು, ಎಲ್ಲಾ ಹೋಗಿ ಒಂದು ಕಡೆ ಸೇರ್ತಿತ್ತು. ಯಾಕೆ ಬೇಕು ಅಂತ ನಾನು ಕೇಳಿದ್ದಕ್ಕೆ ಬಂದ ಉತ್ತರ ಸರಳ: "ಜನ ಆ್ಯಪಿಗೆ ದುಡ್ಡು ಕೊಡಲ್ಲಪ್ಪ. ಆದಾಯ ಎಲ್ಲಿಂದ ತರೋದು?" ನಾನು ಕೋಡ್ ಬರೆದೆ, ಟೆಸ್ಟ್ ಮಾಡಿದೆ, ಆ ವರ್ಷ ನನಗೆ ಒಳ್ಳೇ ರೇಟಿಂಗೂ ಬಂತು. ನನ್ನ ಹೆಸರು ಯಾರಿಗೂ ಕೊಡಲ್ಲ ಅನ್ನೋ ಈ ಫೋನನ್ನ ಕೊಂಡಿದ್ದು ಬೇರೆಯವರ ಜಾಡು ಕೂಡಿಸಿ ಬಂದ ಸಂಬಳದಲ್ಲಿ.

ಹಾಗಾಗಿ ಜಾಡು ಹಿಡಿಯದೇ ಆ್ಯಪ್ ಮಾಡೋರು ಯಾಕೆ ಕಮ್ಮಿ ಅನ್ನೋ ಪ್ರಶ್ನೆಗೆ ಒಳಗಿನ ಉತ್ತರ ನನಗೆ ಗೊತ್ತು. ಅಂಥವರಿಗೆ ಇರೋ ದಾರಿ ಒಂದೇ, ಬಳಸೋರು ಕೈಯಾರೆ ಕೊಡಬೇಕು. ನನ್ನಂಥವರು ಕೊಡದೇ ಇದ್ರೆ ಅವರು ಒಂದಿನ ಬಿಟ್ಟು ಹೋಗ್ತಾರೆ, ಇಲ್ಲಾ ಅವರೂ ಜಾಡು ಹಿಡಿಯೋ ಕೋಡ್ ಸೇರಿಸ್ತಾರೆ. ನಾನು ಬೇಡ ಅಂತ ಓಡಿ ಬಂದ ಲೋಕವನ್ನ ನನ್ನ ಸೊನ್ನೆ ರೂಪಾಯಿಯಿಂದ ನಾನೇ ಕಟ್ತಾ ಇದ್ದೆ.

ಕನ್ನಡದವರಿಗೆ ಇದು ಹೊಸ ಕಥೆ ಏನಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬಂದಿದ್ದೇ ಕೆಲವರು ಕೈಯಿಂದ ಕೊಟ್ಟಿದ್ದರಿಂದ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಮೇಲೆ ನಾವೆಲ್ಲ ಬೆರಳು ಓಡಿಸಿದ್ದೀವಿ. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ' ಹೊರತಂದ್ರು, ಎಷ್ಟೋ ವರ್ಷ ಅದು ಉಚಿತವಾಗೇ ಇತ್ತು. ಮದುವೆ ಪತ್ರಿಕೆಯಿಂದ ಹಿಡಿದು ಪ್ರಬಂಧದವರೆಗೆ ಜನ ಅದರಲ್ಲೇ ಟೈಪ್ ಮಾಡಿದ್ರು. ಆಮೇಲೆ ಹೊಸ ಆವೃತ್ತಿಗೆ ಬೆಲೆ ಇಟ್ಟಾಗ, ನನ್ನ ಹಾಸ್ಟೆಲ್ ಗೆಳೆಯರ ಗುಂಪಿನಲ್ಲಿ ಮೊದಲು ಕೇಳಿದ ಮಾತು "ಅಯ್ಯೋ, ಇದಕ್ಕೂ ದುಡ್ಡಾ?" ಇಷ್ಟು ವರ್ಷ ಒಬ್ಬ ಮನುಷ್ಯ ಹೇಗೆ ಪುಕ್ಕಟೆ ಕೊಟ್ಟ ಅಂತ ನಾವ್ಯಾರೂ ಕೇಳಲಿಲ್ಲ. ಹಳೇ ಆವೃತ್ತಿ ಎಲ್ಲಿ ಸಿಗುತ್ತೆ ಅಂತ ಹುಡುಕಿದ್ವಿ. ನಾನೂ ಹುಡುಕಿದ್ದೆ.

ಮರುದಿನ ತೋಟದಲ್ಲಿ ಅಪ್ಪನ ಹತ್ರ ಇದನ್ನೇ ಮಾತಾಡಿದೆ. ಅಪ್ಪ ತಾತನ ಕಾಲದ ಆಯದ ಬಗ್ಗೆ ಹೇಳಿದ್ರು. ಕಮ್ಮಾರ ವರ್ಷವಿಡೀ ಕುಳ ತಟ್ಟಿ ಕೊಡ್ತಿದ್ದ, ಬಡಗಿ ನೇಗಿಲು, ಗಾಡಿ ರಿಪೇರಿ ಮಾಡ್ತಿದ್ದ. ಆವಾಗಾವಾಗ ದುಡ್ಡು ಕೇಳ್ತಿರಲಿಲ್ಲ. ಸುಗ್ಗಿ ಬಂದಾಗ ಕಣದಲ್ಲಿ ರಾಶಿ ಮಾಡಿ, ಮನೆಗೆ ಒಂದು ಕಾಳು ಹೋಗೋ ಮುಂಚೆ ಅವರ ಪಾಲು ಮೊರದಲ್ಲಿ ಅಳೆದು ಕೊಡ್ತಿದ್ರು. "ಕೇಳೋ ತನಕ ಕಾಯ್ಬಾರ್ದು ಕಣಪ್ಪ. ಬಳಸಿದ ಮೇಲೆ ಕೊಡಬೇಕು."

ನನಗೆ ಬಹಳ ಇಷ್ಟ ಆಯ್ತು. ಎಫ್-ಡ್ರಾಯ್ಡ್ ಅಂದ್ರೆ ಇದೇ ಅಲ್ವಾ, ಮೊದಲು ಬಳಸು, ಸುಗ್ಗಿ ಬಂದಾಗ ಕೊಡು! ಖುಷಿಯಲ್ಲಿ ಆ ದರ್ಶಿನಿ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಅವನು ನಕ್ಕ. "ನಿಮ್ಮ ಕಣದಲ್ಲಿ ನೀವು ಅಳೆದು ಕೊಡ್ತಿದ್ರಿ, ನಮ್ಮ ತಾತ ದೂರ ನಿಂತು ಬಟ್ಟೆ ಒಡ್ಡಿ ಈಸ್ಕೊಳ್ತಿದ್ದ. ಎಷ್ಟು ಅಂತ ಹೇಳೋ ಹಕ್ಕು ಅವನಿಗಿರಲಿಲ್ಲ. ಸಾಲ್ದು ಅಂತ ಬಿಟ್ಟು ಹೋಗೋ ಹಂಗೂ ಇರಲಿಲ್ಲ. ಅದನ್ನ ಚೆಂದದ ಪದ್ಧತಿ ಅಂತ ಬರೀಬೇಡ."

ಅವನು ಹೇಳಿದ್ದು ಸರಿ. ಕೊಡೋನ ಮನಸ್ಸಿಗೆ ಬಿಟ್ಟ ಪದ್ಧತಿ ಕೊಡೋನಿಗೇ ಚೆಂದ ಕಾಣುತ್ತೆ. ಕೆಲಸ ಮಾಡಿದವನ ಕಡೆ ನಿಂತು ನೋಡಿದ್ರೆ ಅವನಿಗೆ ಬೇಕಿರೋದು ದಾನ ಅಲ್ಲ, ಬೆಲೆ. ಡ್ಯಾವೆಕ್ಸ್5 ಮಾಡಿದವರು ಪ್ಲೇ ಸ್ಟೋರಿನಲ್ಲಿ ಒಂದು ಬೆಲೆ ಬರೆದಿದ್ದಾರೆ. ತಮ್ಮ ಕೆಲಸ ಇಷ್ಟಕ್ಕೆ ಬಾಳುತ್ತೆ ಅಂತ ಅವರೇ ಹೇಳಿದ್ದಾರೆ. ನಾನು ಬೇರೆ ಬಾಗಿಲಿಂದ ಒಳಗೆ ಬಂದೆ ಅನ್ನೋ ಕಾರಣಕ್ಕೆ ಆ ಬೆಲೆ ನನಗೆ ಸುಳ್ಳಾಗಲ್ಲ. ಹೆಸರು ಕೇಳ್ತಾರೆ ಅಂತ ಮುಂದಿನ ಬಾಗಿಲು ಬೇಡ ಅಂದೆ, ಸರಿ. ಹಿಂದಿನ ಬಾಗಿಲಲ್ಲೂ ಅಷ್ಟೇ ದುಡ್ಡು ಇಟ್ಟು ಬರಬಹುದಿತ್ತು.

ಇದೇ ಗೊಂದಲ 2025ರ ಜುಲೈನಲ್ಲಿ ಬೆಂಗಳೂರಿನ ಬೀದಿಯಲ್ಲೂ ಕಂಡಿತ್ತು. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೇಕರಿ, ಟೀ ಅಂಗಡಿಗಳಲ್ಲಿ ಕ್ಯೂಆರ್ ಹಾಳೆ ಕಿತ್ತು 'ನೋ ಯುಪಿಐ' ಅಂತ ಅಂಟಿಸಿದ್ರು. ಅಲ್ಲಿ ಎರಡು ಪ್ರಶ್ನೆ ಇದ್ವು. ಒಂದು ಕೆಲಸಕ್ಕೆ ಕೊಟ್ಟ ಮಾಹಿತಿಯನ್ನ ಇನ್ನೊಂದಕ್ಕೆ ಬಳಸಬಹುದಾ ಅನ್ನೋದು ಒಂದು. ನಿಜವಾಗಲೂ ಕೊಡಬೇಕಾದ್ದು ಇದ್ರೆ, ಗೊತ್ತಾಗಲಿಲ್ಲ ಅಂತ ಕೊಡದೇ ಇರಬಹುದಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ನಾನು ಅಂಗಡಿಯವನ ಪರ. ಅದೇ ಬಾಯಲ್ಲಿ ಎರಡನೆಯದಕ್ಕೂ ಅವನ ಪರ ಅಂದ್ಬಿಟ್ರೆ, ಖಾಸಗಿತನ ಅನ್ನೋ ಮಾತೇ ಜನರ ಕಣ್ಣಲ್ಲಿ ಕಳ್ಳಲೆಕ್ಕಕ್ಕೆ ಇನ್ನೊಂದು ಹೆಸರಾಗುತ್ತೆ. ಆಮೇಲೆ ನಿಜವಾಗಿ ಬೇಕಾದವರಿಗೆ, ಬೇರೆ ಲೋಟದಲ್ಲಿ ಕಾಫಿ ಕುಡಿದವರಿಗೆ, ಅದು ಸಿಗಲ್ಲ.

ಹಾಗಾದ್ರೆ ಹೆಸರು ಕೊಡದೇ ದುಡ್ಡು ಕೊಡೋದು ಹೇಗೆ? ಎರಡು ದಾರಿ ಪ್ರಯತ್ನ ಮಾಡಿದೆ.

ಒಂದು, ನಗದು ಕೊಟ್ಟು ಗೂಗಲ್ ಪ್ಲೇ ಕೋಡ್ ಕೊಳ್ಳೋದು. ಚಿತ್ರದುರ್ಗದ ಒಂದು ಮೊಬೈಲ್ ಅಂಗಡಿಗೆ ಹೋಗಿ 500 ರೂಪಾಯಿದು ಕೇಳಿದೆ. ಗೇಮ್ ಆಡೋ ಪಿಯುಸಿ ಹುಡುಗರ ಸಾಲಿನಲ್ಲಿ ನಿಂತಿದ್ದ ನನ್ನನ್ನ ನೋಡಿ ಅಂಗಡಿಯವನು "ಮಗನಿಗಾ ಸಾರ್?" ಅಂದ. ಹೂಂ ಅಂದೆ. ಗ್ರಾಫೀನ್ ಓಎಸ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿ, ಅದರೊಳಗೆ ಪ್ಲೇ ಸ್ಟೋರನ್ನ ವಿಶೇಷ ಅಧಿಕಾರ ಇಲ್ಲದ ಮಾಮೂಲಿ ಆ್ಯಪಿನಂತೆ ಹಾಕಬಹುದು. ಅಲ್ಲಿ ಒಂದು ಖಾಲಿ ಖಾತೆ ತೆರೆದು ಕೋಡ್ ಹಾಕಬೇಕು. ಆದ್ರೆ ಖಾತೆ ತೆರೆಯುವಾಗ ಫೋನ್ ನಂಬರ್ ಕೇಳಿದ್ರೆ ಕಥೆ ಮುಗೀತು, ನಮ್ಮ ದೇಶದಲ್ಲಿ ಗುರುತಿನ ಚೀಟಿ ಕೊಡದೇ ಸಿಮ್ ಸಿಗಲ್ಲ. ನನಗೆ ಕೇಳ್ತು. ಪೂರ್ತಿ ಅನಾಮಿಕತೆ ಆಗಲಿಲ್ಲ, ಕಾರ್ಡು ಮತ್ತು ಬ್ಯಾಂಕಿನ ಕೊಂಡಿ ಮಾತ್ರ ತಪ್ಪಿತು. ಮೇಲಾಗಿ ಕೊಟ್ಟಿದ್ದರಲ್ಲಿ ಗೂಗಲ್‌ಗೂ ಪಾಲು ಹೋಗುತ್ತೆ. 2021ರಲ್ಲಿ ಬಂದ ನಿಯಮದ ಪ್ರಕಾರ ಸಣ್ಣ ಡೆವಲಪರುಗಳಿಂದ ಅದು 15 ಪರ್ಸೆಂಟ್.

ಎರಡು, ಮಾಡಿದವರಿಗೇ ನೇರ ಕಳಿಸೋದು. ಎಫ್-ಡ್ರಾಯ್ಡ್‌ನಲ್ಲಿ ಬಹಳಷ್ಟು ಆ್ಯಪ್‌ಗಳ ಪುಟದಲ್ಲೇ ದೇಣಿಗೆಯ ಕೊಂಡಿ ಇರುತ್ತೆ. ಮೂರು ವರ್ಷ ಅದರ ಮೇಲೇ ಬೆರಳು ಸವರಿ ದಾಟಿ ಹೋಗಿದ್ದೆ. ಬ್ಯಾಂಕಿನ ಆ್ಯಪಿಗೆ ಹೋಗಿ ಕಾರ್ಡಿನ ವಿದೇಶಿ ಪಾವತಿ ಆನ್ ಮಾಡಬೇಕು. ಐದು ಯೂರೋ ಕಳಿಸಿದ್ರೆ ಬ್ಯಾಂಕಿನ ಶುಲ್ಕವೂ ಸೇರಿ ಐನೂರು ರೂಪಾಯಿ ದಾಟುತ್ತೆ. ಒಂದು ಸಲ ಫೇಲ್ ಆಯ್ತು, ಎರಡನೇ ಸಲ ಹೋಯ್ತು. ಇಲ್ಲೂ ನನ್ನ ಬ್ಯಾಂಕಿಗೆ ಗೊತ್ತಾಗುತ್ತೆ, ಪಡೆದವನಿಗೆ ಗೊತ್ತಾಗುತ್ತೆ. ಆದ್ರೆ ಅದು ನನಗೆ ತೊಂದರೆ ಅನ್ನಿಸಲಿಲ್ಲ. ಯಾರಿಗೂ ಏನೂ ಗೊತ್ತಾಗಬಾರದು ಅನ್ನೋದು ನನ್ನ ಆಸೆ ಅಲ್ಲ ಅಂತ ಆಗ ಹೊಳೀತು. ಕೆಲಸ ಮಾಡಿದವನಿಗೆ ನನ್ನ ಹೆಸರು ಗೊತ್ತಾಗಲಿ, ಅದು ಮುಖ ನೋಡಿ ಕೊಟ್ಟ ಹಾಗೆ. ಮಧ್ಯೆ ಕೂತು ಎಲ್ಲರ ಎಲ್ಲಾ ಲೆಕ್ಕ ಒಂದೇ ಪುಸ್ತಕಕ್ಕೆ ಬರೆಯೋನಿಗೆ ಬೇಡ, ಅಷ್ಟೆ.

ಈಗ ನನ್ನ ಪದ್ಧತಿ ಹೀಗಿದೆ. ವರ್ಷಕ್ಕೊಮ್ಮೆ ದೀಪಾವಳಿಗೆ ಮುಂಚೆ ಪಟ್ಟಿ ಮಾಡೋದು. ದಿನಾ ಬಳಸೋದು ಯಾವುದು, ಅದರ ಬೆಲೆ ಬೇರೆ ಕಡೆ ಎಷ್ಟಿದೆ ನೋಡಿ, ಅಷ್ಟನ್ನಾದ್ರೂ ನೇರ ಕಳಿಸೋದು. ಬೆಲೆ ಇಲ್ಲದಿದ್ರೆ ಎರಡು ಕೆಫೆ ಕಾಫಿಯ ದುಡ್ಡು. ಸಂಬಳ ಇಲ್ಲದ ವಿದ್ಯಾರ್ಥಿ ಕೊಡಬೇಕಾ ಅಂತ ಕೇಳಿದ್ರೆ ಬೇಡ ಅಂತೀನಿ. ಆ ಉಚಿತ ಬಾಗಿಲು ಇರೋದೇ ಅವರಿಗೆ. ನಾನು ಅಲ್ಲಿ ನಿಂತಿದ್ದೇ ತಪ್ಪು. ಒಬ್ಬನ ಐನೂರು ರೂಪಾಯಿಯಿಂದ ಏನಾಗುತ್ತೆ ಅನ್ನೋರೂ ಇದ್ದಾರೆ. ಏನೂ ಆಗದೇ ಇರಬಹುದು. ಹೋಟೆಲಿನಲ್ಲಿ ನನ್ನೊಬ್ಬನ ಬಿಲ್ ಕೊಡದೇ ಹೋದ್ರೂ ಹೋಟೆಲ್ ಮುಚ್ಚಲ್ಲ. ಹಾಗಂತ ಎದ್ದು ಹೋಗ್ತೀವಾ?

ಆ ಜಾಡು ಹಿಡಿಯೋ ಕೋಡಿನ ಲೆಕ್ಕ ಮಾತ್ರ ಇನ್ನೂ ಬಾಕಿ ಇದೆ. ಅದನ್ನ ಐದು ಯೂರೋದಲ್ಲಿ ತೀರಿಸೋಕಾಗಲ್ಲ. ಈಗಿನ ಟೀಮಿನಲ್ಲಿ ಅಂಥ ಕೆಲಸ ಬಂದಾಗ "ಇದು ನಿಜವಾಗಲೂ ಬೇಕಾ?" ಅಂತ ಕೇಳೋಕೆ ಶುರು ಮಾಡಿದ್ದೀನಿ. ಎರಡು ಸಲ ಕೇಳಿದೆ. ಒಂದು ಸಲ ತೆಗೆದ್ರು, ಒಂದು ಸಲ ನನ್ನ ಬದಲು ಬೇರೆಯವರ ಹತ್ರ ಬರೆಸಿದ್ರು.

ನಕ್ಷೆಯವರಿಗೆ ದುಡ್ಡು ಹೋದ ದಿನ ಅಪ್ಪನಿಗೆ ಫೋನ್ ಮಾಡಿ "ಕೊಟ್ಟೆ ಅಪ್ಪ" ಅಂದೆ. ಅವರು ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿದ್ರು. ಯಾರಿಗೆ, ಏನು ಅಂತ ನೆನಪಾಗೋಕೆ ಸ್ವಲ್ಪ ಹೊತ್ತಾಯ್ತು.

"ಹೂಂ, ಒಳ್ಳೇದಾಯ್ತು" ಅಂದ್ರು. ಆಮೇಲೆ, "ನಮ್ಮ ತೋಟದ ದಾರಿ ಇತ್ತೇನೋ ಅದರಲ್ಲಿ?"

ಇರಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ನಡೆದು, ಬರೆದು, ಸೇರಿಸಬೇಕು.